ಹಳೆಯ ಪಿಕಪ್‌ನ ಎಂಜಿನ್ ಆಯಿಲ್ ಸೋರುತ್ತಿದ್ದರೆ ಮೂಲವನ್ನು ಪತ್ತೆ ಹಚ್ಚುವುದು ಹೇಗೆ?

ರಾತ್ರಿ ಮನೆಯ ಮುಂದೆ ನಿಲ್ಲಿಸಿದ್ದ ಪಿಕಪ್ಪನ್ನು ಬೆಳಿಗ್ಗೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆಯೊಂದು ಉಳಿದಿರುತ್ತದೆ. ತರಕಾರಿ, ಮೇವು, ಸಿಮೆಂಟು ಹೊತ್ತು ವರ್ಷಗಟ್ಟಲೆ ದುಡಿದ ಬೊಲೆರೊ ಪಿಕಪ್, ಟಾಟಾ 207ರಂತಹ ವಾಹನಗಳನ್ನು ಇಟ್ಟುಕೊಂಡವರಿಗೆ ಈ ಕಲೆ ಅಪರಿಚಿತವೇನಲ್ಲ. ಅನೇಕರು ತಿಂಗಳಿಗೊಮ್ಮೆ ಅರ್ಧ ಲೀಟರ್ ಆಯಿಲ್ ಸುರಿದು ಸುಮ್ಮನಾಗುತ್ತಾರೆ. ಆದರೆ 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಬೇಕಾಗುವ ಎಫ್‌ಸಿಯ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರದ, ದಿನ ಹತ್ತಿರ ಬಂದಾಗ, ಹಳೆಯ ಪಿಕಪ್ ಕೊಳ್ಳಲು ಹೊರಟಾಗ, ಅಥವಾ ಭಾರ ಹೇರಿಕೊಂಡು ಘಾಟಿ ಹತ್ತುತ್ತಿರುವಾಗ ಬಾನೆಟ್ಟಿನೊಳಗಿಂದ ಸುಟ್ಟ ವಾಸನೆ ಬಂದಾಗ, ಅದೇ ಕಲೆ ಒಮ್ಮೆಲೇ ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ. ಆಯಿಲ್ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯದೆ ಮಾಡಿಸಿದ ರಿಪೇರಿಗೆ ಹಣವೂ ಹೋಗುತ್ತದೆ, ಸೋರಿಕೆಯೂ ನಿಲ್ಲುವುದಿಲ್ಲ. ಆದ್ದರಿಂದ ಪತ್ತೆಯ ಕೆಲಸ ಹೇಗೆ ನಡೆಯಬೇಕೆಂಬುದನ್ನು ಮೊದಲಿನಿಂದ ನೋಡೋಣ.

ಎಂಜಿನ್ನಿನೊಳಗೆ ಆಯಿಲ್ ಹರಿಯುವ ದಾರಿ

ಎಂಜಿನ್ನಿನ ತಳದಲ್ಲಿ ತೊಟ್ಟಿಯಂತಹ ಒಂದು ಪಾತ್ರೆಯಿದೆ. ಗ್ಯಾರೇಜುಗಳಲ್ಲಿ ಅದನ್ನು ಆಯಿಲ್ ಚೇಂಬರ್ ಎನ್ನುತ್ತಾರೆ. ಎಂಜಿನ್ ತಿರುಗಿದಾಗ ಆಯಿಲ್ ಪಂಪ್ ಈ ತೊಟ್ಟಿಯಿಂದ ಆಯಿಲನ್ನು ಹೀರಿ, ಫಿಲ್ಟರ್ ಮೂಲಕ ಸೋಸಿ, ಎಂಜಿನ್ ಬ್ಲಾಕಿನೊಳಗೆ ಕೊರೆದಿರುವ ಸಣ್ಣ ಕಾಲುವೆಗಳ ಮೂಲಕ ಒತ್ತಡದಿಂದ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ), ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇವುಗಳ ಬೇರಿಂಗುಗಳಿಗೆ ತಲುಪಿಸುತ್ತದೆ. ಅಲ್ಲಿ ಉಜ್ಜಾಟವನ್ನು ತಡೆದು, ಬಿಸಿಯನ್ನೂ ಮಸಿಯನ್ನೂ ಹೊತ್ತುಕೊಂಡು, ಮತ್ತೆ ತನ್ನ ಭಾರದಿಂದಲೇ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಓವರ್‌ಹೆಡ್ ಟ್ಯಾಂಕಿಗೆ ಮೋಟಾರು ನೀರೇರಿಸುವ ಪೈಪು ಒಂದು, ಬಚ್ಚಲಿನ ನೀರು ಹರಿದುಹೋಗುವ ಪೈಪು ಇನ್ನೊಂದು ಇರುವಂತೆ, ಇಲ್ಲಿಯೂ ಒತ್ತಡವಿರುವ ಭಾಗ ಬೇರೆ, ಒತ್ತಡವಿಲ್ಲದೆ ಹರಿಯುವ ಭಾಗ ಬೇರೆ.

ಪತ್ತೆಯ ಕೆಲಸಕ್ಕೆ ಈ ವ್ಯತ್ಯಾಸ ಬಹಳ ಮುಖ್ಯ. ಫಿಲ್ಟರ್, ಆಯಿಲ್ ಪ್ರೆಶರ್ ಸ್ವಿಚ್, ಟರ್ಬೊಗೆ ಆಯಿಲ್ ಒಯ್ಯುವ ಪೈಪು ಇವೆಲ್ಲ ಒತ್ತಡದ ಭಾಗಗಳು. ಇವು ಬಿಟ್ಟುಕೊಂಡರೆ ಎಂಜಿನ್ ಓಡುವಾಗ ಮಾತ್ರ ಆಯಿಲ್ ಜೋರಾಗಿ ಹೊರಬರುತ್ತದೆ, ಎಂಜಿನ್ ನಿಂತರೆ ಸೋರಿಕೆಯೂ ಬಹುಮಟ್ಟಿಗೆ ನಿಲ್ಲುತ್ತದೆ. ಚೇಂಬರ್ ಪ್ಯಾಕಿಂಗ್, ಡ್ರೇನ್ ಬೋಲ್ಟ್ ಇವು ಒತ್ತಡವಿಲ್ಲದ ಭಾಗಗಳು. ಇಲ್ಲಿ ಬಿರುಕು ಬಿಟ್ಟರೆ ಗಾಡಿ ನಿಂತಿದ್ದರೂ ಹನಿ ಬೀಳುತ್ತಲೇ ಇರುತ್ತದೆ. ಹಗಲೆಲ್ಲ ಆಯಿಲ್ ಕಡಿಮೆಯಾಗುತ್ತದೆ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಮಾತ್ರ ಕಲೆ ಅಷ್ಟಾಗಿ ಇಲ್ಲ ಎಂದು ಮಾಲೀಕರು ಹೇಳಿದರೆ, ಅನುಭವಿ ಮೆಕ್ಯಾನಿಕ್ಕಿನ ಕಣ್ಣು ಮೊದಲು ಒತ್ತಡದ ಭಾಗಗಳತ್ತ ಹೋಗುತ್ತದೆ.

ವಯಸ್ಸಾದ ಎಂಜಿನ್ ಏಕೆ ಸೋರುತ್ತದೆ

ಎಂಜಿನ್ ಒಂದೇ ಅಚ್ಚಿನ ವಸ್ತುವಲ್ಲ. ಹಲವು ಲೋಹದ ತುಂಡುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದ ಕಟ್ಟಡ ಅದು. ಎರಡು ಲೋಹದ ಮೈಗಳು ಕೂಡುವ ಕಡೆಯಲ್ಲೆಲ್ಲ ಮಧ್ಯೆ ರಬ್ಬರ್, ಕಾರ್ಕ್ ಅಥವಾ ಗಟ್ಟಿ ಕಾಗದದಂತಹ ವಸ್ತುವಿನ ಪದರವಿರುತ್ತದೆ. ಇದೇ ಗ್ಯಾಸ್ಕೆಟ್, ಗ್ಯಾರೇಜಿನ ಮಾತಿನಲ್ಲಿ ಪ್ಯಾಕಿಂಗ್. ತಿರುಗುವ ದಂಡವೊಂದು ಎಂಜಿನ್ನಿನಿಂದ ಹೊರಬರುವ ಕಡೆ ಪ್ಯಾಕಿಂಗ್ ನಿಲ್ಲುವುದಿಲ್ಲವಾದ್ದರಿಂದ, ಅಲ್ಲಿ ದಂಡವನ್ನು ಸುತ್ತಲೂ ಅಪ್ಪಿ ಹಿಡಿಯುವ ರಬ್ಬರ್ ತುಟಿಯ ಬಳೆಯೊಂದನ್ನು ಕೂರಿಸಿರುತ್ತಾರೆ. ಅದು ಆಯಿಲ್ ಸೀಲ್.

ಪ್ರೆಶರ್ ಕುಕ್ಕರಿನ ಹೊಸ ಗ್ಯಾಸ್ಕೆಟ್ಟನ್ನು ಬಗ್ಗಿಸಿದರೆ ಬಳ್ಳಿಯಂತೆ ಬಳುಕುತ್ತದೆ. ವರ್ಷ ಕಳೆದ ಮೇಲೆ ಅದೇ ಗ್ಯಾಸ್ಕೆಟ್ ಗಟ್ಟಿಯಾಗಿ, ಅಂಚಿನಲ್ಲಿ ಸೀಳು ಬಿಟ್ಟು, ಎಷ್ಟು ಒತ್ತಿ ಮುಚ್ಚಿದರೂ ಆವಿಯನ್ನು ಹಿಡಿಯದು. ಎಂಜಿನ್ನಿನ ಪ್ಯಾಕಿಂಗ್ ಮತ್ತು ಸೀಲುಗಳಿಗೂ ಆಗುವುದು ಇದೇ. ದಿನಕ್ಕೆ ಹಲವು ಸಲ ಕಾದು ಆರುವ ರಬ್ಬರ್ ಕ್ರಮೇಣ ಬಿರುಸಾಗುತ್ತದೆ, ಕಾರ್ಕ್ ಕುಗ್ಗುತ್ತದೆ. ಸೀಲಿನ ತುಟಿ ಉಜ್ಜಿದ ಕಡೆ ದಂಡದ ಮೇಲೆಯೇ ಸಣ್ಣ ಗೀರು ಬೀಳುವುದೂ ಉಂಟು. ಆಗ ಹೊಸ ಸೀಲ್ ಹಾಕಿದರೂ ಆ ಗೀರಿನ ಗುಂಟ ಆಯಿಲ್ ದಾರಿ ಮಾಡಿಕೊಳ್ಳುತ್ತದೆ.

ನೆಲದ ಮೇಲಿರುವುದು ಎಂಜಿನ್ ಆಯಿಲ್ ಹೌದೇ?

ಪಿಕಪ್‌ನಲ್ಲಿ ಹರಿಯುವ ದ್ರವ ಒಂದೇ ಅಲ್ಲ. ಆದ್ದರಿಂದ ರಾತ್ರಿ ಎಂಜಿನ್ನಿನ ಕೆಳಗೆ ಬಿಳಿ ರಟ್ಟನ್ನೋ ಹಳೆಯ ದಿನಪತ್ರಿಕೆಯನ್ನೋ ಹಾಸಿ, ಮುಂದಿನ ಚಕ್ರ ಯಾವ ಕಡೆಗಿತ್ತೆಂದು ಅದರ ಮೇಲೆ ಗುರುತು ಹಾಕಿ, ಬೆಳಿಗ್ಗೆ ಬಿದ್ದ ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಾಯಿಸಿದ ಕೆಲವೇ ದಿನಗಳಲ್ಲಿ ಮಸಿಯಿಂದ ಕಪ್ಪಾಗುತ್ತದೆ, ಬೆರಳಿಗೆ ನುಣುಪಾಗಿ ಅಂಟುತ್ತದೆ. ಗೇರ್ ಆಯಿಲ್ ಇನ್ನೂ ಮಂದ, ಅದಕ್ಕೆ ಗಂಧಕದ ಕಟುವಾದ ನಾತವಿರುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದರ ಆಯಿಲ್ ಹೆಚ್ಚಾಗಿ ಕೆಂಪು. ಕೂಲೆಂಟ್ ಹಸಿರು ಅಥವಾ ಗುಲಾಬಿ ಬಣ್ಣದ್ದು, ನೀರಿನಂತೆ ತೆಳು, ತುಸು ಸಿಹಿ ವಾಸನೆ. ಡೀಸೆಲ್ಲಿನ ವಾಸನೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೇರೆ ದ್ರವಗಳೂ ಎಂಜಿನ್ನಿನ ಹೊರಮೈಯ ಕೊಳೆಯ ಮೇಲೆ ಹರಿದು ಬರುವಾಗ ಕಪ್ಪಾಗಬಹುದು; ಹಾಗಾಗಿ ಬಣ್ಣಕ್ಕಿಂತ ವಾಸನೆಯನ್ನೂ ಜಿಗುಟನ್ನೂ ನಂಬುವುದು ಮೇಲು.

ಎಷ್ಟು ಸೋರಿದರೆ ಆತಂಕಪಡಬೇಕು?

ಜಿನುಗುವುದು, ತೊಟ್ಟಿಕ್ಕುವುದು, ಸುರಿಯುವುದು ಎಂಬ ಮೂರು ಮಾತುಗಳು ಕನ್ನಡದಲ್ಲಿ ಮೊದಲೇ ಇವೆ, ಮೂರೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಜಿನುಗುವುದೆಂದರೆ ಜೋಡಣೆಯ ಗುಂಟ ತೇವವಿದ್ದು, ಧೂಳು ಮೆತ್ತಿಕೊಂಡಿದ್ದರೂ ಹನಿ ಬೀಳದ ಸ್ಥಿತಿ. ಹಳೆಯ ಎಂಜಿನ್ನಿನಲ್ಲಿ ಇದನ್ನು ಗಮನದಲ್ಲಿಟ್ಟುಕೊಂಡು ಓಡಿಸಬಹುದು. ತೊಟ್ಟಿಕ್ಕುತ್ತಿದ್ದರೆ ಲೆಕ್ಕ ಹಾಕಬೇಕಾಗುತ್ತದೆ. ಸುಮಾರು 20 ಹನಿಗಳಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ನಿಮಿಷಕ್ಕೊಂದು ಹನಿ ಬೀಳುವ ಸೋರಿಕೆಯಿಂದ ದಿನಕ್ಕೆ 72 ಮಿಲಿಲೀಟರ್, ಎರಡು ವಾರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್ ನೆಲ ಸೇರುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್ ಸ್ಟಿಕ್ಕಿನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಿನ ಅಂತರ ಅನೇಕ ಎಂಜಿನ್‌ಗಳಲ್ಲಿ ಸುಮಾರು ಅಷ್ಟೇ ಇರುತ್ತದೆ. ಚಿಕ್ಕದೆಂದು ಕಾಣುವ ಹನಿ ಎರಡು ವಾರದೊಳಗೆ ಎಂಜಿನ್ನನ್ನು ಅಪಾಯದ ಅಂಚಿಗೆ ತರಬಲ್ಲದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಡ್ಯಾಶ್‌ಬೋರ್ಡಿನಲ್ಲಿರುವ ಕೆಂಪು ಆಯಿಲ್ ದೀಪ ಆಯಿಲ್ ಕಡಿಮೆಯಾದುದನ್ನು ತಿಳಿಸುತ್ತದೆ ಎಂದು ಹಲವರು ನಂಬಿದ್ದಾರೆ. ಹಳೆಯ ಪಿಕಪ್‌ಗಳಲ್ಲಿ ಆ ದೀಪ ಹೇಳುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಒತ್ತಡ ತೀರಾ ಕುಸಿದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ; ಆ ಹೊತ್ತಿಗೆ ಬೇರಿಂಗುಗಳಿಗೆ ಆಯಿಲ್ ತಲುಪುವುದು ನಿಂತಿರಬಹುದು. ಓಡುವಾಗ ದೀಪ ಹೊತ್ತಿದರೆ ಮುಂದಿನ ಊರಿನವರೆಗೆ ಹೋಗೋಣವೆನ್ನದೆ ಅಲ್ಲಿಯೇ ಎಂಜಿನ್ ನಿಲ್ಲಿಸಬೇಕು. ಮಟ್ಟವನ್ನು ತಿಳಿಯಲು ಇರುವುದು ಡಿಪ್ ಸ್ಟಿಕ್ ಒಂದೇ: ಗಾಡಿ ಸಮನೆಲದ ಮೇಲಿರಬೇಕು, ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷವಾದರೂ ಆಗಿರಬೇಕು.

ಸುರಿಯುವ ಸೋರಿಕೆಗೆ, ಮತ್ತು ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಸೈಲೆನ್ಸರಿನ ಬುಡದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುವ ಸೋರಿಕೆಗೆ, ಕಾಯುವ ಮಾತೇ ಇಲ್ಲ. ಭಾರ ಹೊತ್ತು ಏರು ಹತ್ತುವಾಗ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾಯುತ್ತದೆ. ಎಂಜಿನ್ ಆಯಿಲಿನ ಆವಿ ಸುಮಾರು 200 ಡಿಗ್ರಿ ದಾಟಿದ ಮೇಲೆ ಬೆಂಕಿ ಹಿಡಿಯುವಂತಹದ್ದು. ಸುಟ್ಟ ವಾಸನೆ, ಬಾನೆಟ್ ಸಂದಿಯಿಂದ ನೀಲಿ ಹೊಗೆ ಇವು ಅದರ ಮುನ್ಸೂಚನೆ.

ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಡೆದ ಹೆಂಚು ಮಾಡಿನ ನೆತ್ತಿಯಲ್ಲಿರುತ್ತದೆ, ನೀರು ಪಕಾಸಿಯ ಗುಂಟ ಇಳಿದು ಬಂದು ತೊಟ್ಟಿಕ್ಕುವುದು ಅಡುಗೆಮನೆಯ ಮೂಲೆಯಲ್ಲಿ. ಹನಿ ಬಿದ್ದ ಜಾಗದ ನೇರಕ್ಕೆ ಹೆಂಚು ಬದಲಾಯಿಸಿದರೆ ಸೋರುವುದು ನಿಲ್ಲುವುದಿಲ್ಲ. ಎಂಜಿನ್ನಿನ ಮೇಲೂ ಆಯಿಲ್ ಹೀಗೆಯೇ ಇಳಿಯುತ್ತದೆ. ಅದರ ಜೊತೆಗೆ ಇಲ್ಲಿ ಗಾಳಿಯ ಕೈವಾಡವೂ ಇದೆ. ರೇಡಿಯೇಟರ್ ಫ್ಯಾನಿನ ಗಾಳಿ ಮತ್ತು ಓಟದ ಗಾಳಿ ಎರಡೂ ಆಯಿಲನ್ನು ಹಿಂದಕ್ಕೆ ತಳ್ಳುತ್ತವೆ. ಆದ್ದರಿಂದ ಮೂಲ ಸಾಮಾನ್ಯವಾಗಿ ತೇವವಾಗಿರುವ ಭಾಗಗಳಲ್ಲೆಲ್ಲ ಅತ್ಯಂತ ಮೇಲೆ ಮತ್ತು ಅತ್ಯಂತ ಮುಂದೆ ಇರುವ ಜಾಗದಲ್ಲಿರುತ್ತದೆ.

ನಮ್ಮ ಬಂಧುವೊಬ್ಬರ ಪಿಕಪ್‌ನಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಕಡೆಯಿಂದ ಹನಿ ಬೀಳುತ್ತಿತ್ತು. ಕ್ರ್ಯಾಂಕಿನ ಹಿಂದಿನ ಸೀಲೇ ಹೋಗಿದೆಯೆಂದು ತೀರ್ಮಾನಿಸಿ, ಗೇರ್ ಬಾಕ್ಸ್ ಇಳಿಸಿ, ಹೊಸ ಸೀಲ್ ಹಾಕಿಸಿದರು. ಎರಡು ದಿನ ಗಾಡಿ ನಿಂತಿತು. ವಾರದೊಳಗೆ ಅದೇ ಜಾಗದಲ್ಲಿ ಮತ್ತೆ ಹನಿ ಕಂಡಿತು. ಕೊನೆಗೆ ನೋಡಿದರೆ, ಎಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಲ್ಲಿ ಪ್ಯಾಕಿಂಗ್ ಸೀಳಿತ್ತು. ಆಯಿಲ್ ಎಂಜಿನ್ನಿನ ಬೆನ್ನಿನ ಮೇಲೆ ಇಳಿದು ಕೆಳಗೆ ಬಂದು ತೊಟ್ಟಿಕ್ಕುತ್ತಿತ್ತು. ಆ ಪ್ಯಾಕಿಂಗ್ ಬದಲಾಯಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಮೊದಲೇ ಎಂಜಿನ್ ತೊಳೆದು ನೋಡಿದ್ದರೆ ಆ ಎರಡು ದಿನದ ದುಡಿಮೆ ಉಳಿಯುತ್ತಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ತೊಳೆದು ನೋಡುವ ಕ್ರಮ

ವರ್ಷಗಳ ಆಯಿಲು, ಧೂಳು ಸೇರಿ ಗಟ್ಟಿಯಾದ ಕೊಳೆಯ ಕೆಳಗೆ ಹೊಸ ಸೋರಿಕೆ ಕಾಣುವುದಿಲ್ಲ. ಹಾಗಾಗಿ ಮೊದಲ ಕೆಲಸ ತೊಳೆಯುವುದು. ಎಂಜಿನ್ ತಣ್ಣಗಿರುವಾಗ ಜಿಡ್ಡು ಕರಗಿಸುವ ಡಿಗ್ರೀಸರ್ ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ನೀರಿನಿಂದ ತೊಳೆಯಬೇಕು. ಆಲ್ಟರ್ನೇಟರ್, ವೈರಿಂಗ್ ಜಾಯಿಂಟುಗಳು, ಏರ್ ಫಿಲ್ಟರಿನ ಬಾಯಿ ಇವುಗಳನ್ನು ಮೊದಲೇ ಪ್ಲಾಸ್ಟಿಕ್ಕಿನಿಂದ ಮುಚ್ಚಿರಬೇಕು. ಗ್ಯಾರೇಜುಗಳಲ್ಲಿ ಡೀಸೆಲ್ಲಿನಿಂದಲೇ ತೊಳೆಯುವ ರೂಢಿಯಿದೆ. ಆದರೆ ಡೀಸೆಲ್ಲಿನ ಪಸೆ ಉಳಿದರೆ ಹೊಸ ತೇವ ಯಾವುದು, ಹಳೆಯದು ಯಾವುದು ಎಂಬ ಗೊಂದಲವಾಗುವುದರಿಂದ, ಆ ಬಳಿಕ ಸಾಬೂನು ನೀರಿನಿಂದ ಮತ್ತೊಮ್ಮೆ ತೊಳೆದು ಪೂರ್ತಿ ಒಣಗಿಸಬೇಕು.

ಒಣಗಿದ ಮೇಲೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ನಿಂತಲ್ಲಿಯೇ ಓಡಲು ಬಿಟ್ಟು, ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತಾ ಬರಬೇಕು. ಕೈ ತೂರದ ಸಂದಿಗಳಿಗೆ ಚಿಕ್ಕ ಕನ್ನಡಿಯೋ ಮೊಬೈಲಿನ ಕ್ಯಾಮೆರಾವೋ ಸಾಕಾಗುತ್ತದೆ. ಇವನ್ನಾಗಲಿ ಕೈಯನ್ನಾಗಲಿ ತಿರುಗುವ ಬೆಲ್ಟು, ಫ್ಯಾನುಗಳ ಹತ್ತಿರ ಒಯ್ಯಬಾರದು. ಏನೂ ಕಾಣದಿದ್ದರೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಮತ್ತೆ ನೋಡಬೇಕು. ಕೆಲವು ಸೋರಿಕೆಗಳು ಆಯಿಲ್ ಚೆನ್ನಾಗಿ ಕಾದು ತೆಳುವಾದ ಮೇಲೆಯೇ ತಲೆದೋರುತ್ತವೆ, ಕೆಲವು ಭಾರ ಹೇರಿದಾಗ ಮಾತ್ರ.

ಸೋರಿಕೆ ಅತಿ ನಿಧಾನವಾಗಿದ್ದರೆ, ಎಂಜಿನ್ ನಿಲ್ಲಿಸಿ ಸಂಶಯದ ಜೋಡಣೆಗಳ ಮೇಲೆ ಮೈಗೆ ಹಚ್ಚುವ ಟಾಲ್ಕಮ್ ಪೌಡರನ್ನು ತೆಳ್ಳಗೆ ಸವರಿಬಿಡಬಹುದು. ಬಿಳಿಯ ಮೇಲೆ ಆಯಿಲ್ ಮೊದಲು ಕಪ್ಪು ಗೆರೆ ಎಳೆದ ಜಾಗವೇ ಮೂಲ. ಇನ್ನೊಂದು ವಿಧಾನದಲ್ಲಿ ಎಂಜಿನ್ ಆಯಿಲಿಗೆ ವಿಶೇಷ ಬಣ್ಣವೊಂದನ್ನು ಬೆರೆಸಿ, ಓಡಿಸಿದ ಬಳಿಕ ಕತ್ತಲೆಯಲ್ಲಿ ನೇರಳಾತೀತ ಬೆಳಕಿನ ಟಾರ್ಚ್ ಬಿಟ್ಟರೆ ಸೋರಿಕೆಯ ಹಾದಿಯುದ್ದಕ್ಕೂ ಹಳದಿ ಹಸಿರಾಗಿ ಹೊಳೆಯುತ್ತದೆ.

ಗಾಡಿಯ ಕೆಳಗೆ ತೂರುವ ಮುನ್ನ ಚಕ್ರಗಳಿಗೆ ಅಡ್ಡ ಕಟ್ಟೆ ಕೊಟ್ಟು, ಎತ್ತಿದ್ದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು.

ಮೇಲಿನಿಂದ ಕೆಳಗೆ ಸಂಶಯದ ಜಾಗಗಳು

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅತಿ ಸಾಮಾನ್ಯ ಮೂಲ. ಸೋರಿತೆಂದು ಬೋಲ್ಟುಗಳನ್ನು ಇನ್ನಷ್ಟು ಬಿಗಿದರೆ ತಗಡಿನ ಕವರ್ ಬಾಗಿ, ಕಾರ್ಕ್ ಹಿಸುಕಿ ಸೀಳಿ, ಸೋರಿಕೆ ಹೆಚ್ಚುತ್ತದೆ. ಆಯಿಲ್ ಸುರಿಯುವ ಮುಚ್ಚಳದ ರಬ್ಬರನ್ನೂ ಇದರ ಜೊತೆಗೇ ನೋಡಬೇಕು.

ಮಧ್ಯಭಾಗಕ್ಕೆ ಬಂದರೆ ಫಿಲ್ಟರ್ ಇದೆ. ಆಯಿಲ್ ಬದಲಾಯಿಸಿದ ಮರುದಿನವೇ ಜೋರಾಗಿ ಸೋರತೊಡಗಿದರೆ, ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಬಳೆ ಕೂತಿರುವ ಸಾಧ್ಯತೆಯಿದೆ. ಫಿಲ್ಟರಿನ ಸಮೀಪದಲ್ಲೆಲ್ಲೋ ಇರುವ ಹೆಬ್ಬೆರಳು ಗಾತ್ರದ ಪ್ರೆಶರ್ ಸ್ವಿಚ್ಚಿನ ಒಳಪರದೆ ಹರಿದರೆ ಅದರ ವೈರಿನ ತುದಿಯಿಂದಲೇ ಆಯಿಲ್ ಬರುತ್ತದೆ. ಅಲ್ಲಿ ವೈರಿನ ಸಾಕೆಟ್ ಒದ್ದೆಯಾಗಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ನಮ್ಮ ಡೀಸೆಲ್ ವಾಹನಗಳಲ್ಲಿ ಹಲವರ ಗಮನಕ್ಕೆ ಬಾರದ ಜಾಗವೊಂದಿದೆ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪನ್ನು ಅನೇಕ ಎಂಜಿನ್‌ಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿರುತ್ತಾರೆ. ಅದಕ್ಕೂ ಎಂಜಿನ್ ಆಯಿಲ್ ಹೋಗಿಬರಬೇಕಾದ್ದರಿಂದ ಎರಡು ಪೈಪುಗಳಿರುತ್ತವೆ. ಆ ರಬ್ಬರ್ ಪೈಪುಗಳು ಬಿರಿದರೆ ಆಯಿಲ್ ಎಂಜಿನ್ನಿನ ಒಂದು ಮಗ್ಗುಲನ್ನೆಲ್ಲ ನೆನೆಸಿ, ಚೇಂಬರ್ ಪ್ಯಾಕಿಂಗೇ ಹೋಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಟರ್ಬೊದ ಎರಡು ಪೈಪುಗಳ ಕಥೆಯೂ ಇದೇ, ಅಲ್ಲಿ ಬೆಂಕಿಯ ಭಯ ಹೆಚ್ಚು. ಟರ್ಬೊದ ಒಳಗಿನ ಸೀಲೇ ಹೋಗಿ ಆಯಿಲ್ ಗಾಳಿಯ ಪೈಪಿನೊಳಗೆ ಸೇರತೊಡಗಿದರೆ, ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಉರಿಸಿ ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವುಂಟು.

ಎಂಜಿನ್ನಿನ ಮುಂಭಾಗದಲ್ಲಿ ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸೀಲ್ ಸೋರಿದರೆ, ತಿರುಗುವ ಪುಲ್ಲಿ ಆಯಿಲನ್ನು ಸುತ್ತಲೂ ಎರಚುವುದರಿಂದ ಬೆಲ್ಟಿನ ಮೇಲೆ, ಒಳಬದಿಯ ತಗಡಿನ ಮೇಲೆ ಸಿಂಪಡಿಸಿದಂತಹ ಗುರುತು ಕಾಣುತ್ತದೆ. ತಳದಲ್ಲಿ ಡ್ರೇನ್ ಬೋಲ್ಟಿನ ವಾಷರ್ ಮತ್ತು ಚೇಂಬರ್ ಪ್ಯಾಕಿಂಗ್ ಉಳಿಯುತ್ತವೆ. ಮೇಲಿನದೆಲ್ಲ ಒಣಗಿದ್ದು ಇಲ್ಲಿ ಮಾತ್ರ ತೇವವಿದ್ದರೆ ಇವುಗಳ ಮೇಲೆ ಆರೋಪ ಹೊರಿಸಬಹುದು.

ಬೆಲ್ ಹೌಸಿಂಗಿನಿಂದ ಹನಿ ಬಿದ್ದರೆ

ಎಂಜಿನ್ ಮತ್ತು ಗೇರ್ ಬಾಕ್ಸನ್ನು ಕೂಡಿಸುವ ಗಂಟೆಯಾಕಾರದ ಕವಚವೇ ಬೆಲ್ ಹೌಸಿಂಗ್. ಕ್ಲಚ್ ಇರುವುದು ಇದರೊಳಗೆ. ಇದರ ತಳದಿಂದ ಬೀಳುವ ಹನಿಗೆ ಮೂರು ಮೂಲಗಳಿರಬಹುದು: ಮೇಲಿನಿಂದ ಇಳಿದು ಬಂದದ್ದು, ಕ್ರ್ಯಾಂಕಿನ ಹಿಂದಿನ ಸೀಲಿನದು, ಅಥವಾ ಗೇರ್ ಬಾಕ್ಸಿನ ಮುಂದಿನ ಸೀಲಿನದು. ಗಂಧಕದ ವಾಸನೆಯಿದ್ದರೆ ಗೇರ್ ಬಾಕ್ಸ್. ಎಂಜಿನ್ ಆಯಿಲೇ ಆಗಿದ್ದು, ತೊಳೆದು ಓಡಿಸಿದ ಮೇಲೂ ಎಂಜಿನ್ನಿನ ಬೆನ್ನು ಒಣಗಿಯೇ ಇದ್ದು, ಕವಚದ ಒಳಗಿನಿಂದ ಮಾತ್ರ ಹನಿ ಬರುತ್ತಿದ್ದರೆ ಆಗ ಹಿಂದಿನ ಸೀಲ್ ಎನ್ನಬಹುದು. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ಗಾಡಿ ಎಳೆಯದೆ ಕ್ಲಚ್ ಜಾರುತ್ತಿದ್ದರೆ, ಆಯಿಲ್ ಕ್ಲಚ್ ಪ್ಲೇಟಿಗೂ ತಗುಲಿರುವ ಸಂಭವವಿದೆ. ಸೀಲಿನ ಬೆಲೆ ಚಿಕ್ಕದು, ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿ ದೊಡ್ಡದು. ಆದ್ದರಿಂದ ಇಳಿಸಿದಾಗಲೇ ಕ್ಲಚ್ ಪ್ಲೇಟ್, ಗೇರ್ ಬಾಕ್ಸಿನ ಮುಂದಿನ ಸೀಲ್ ಎರಡನ್ನೂ ನೋಡಿಬಿಡುವುದು ಲೇಸು.

ಒಳಗಿನ ಒತ್ತಡ ಎಂಬ ಮರೆಯ ಕಾರಣ

ಒಂದು ಸೀಲ್ ಹಾಕಿಸಿದರೆ ಇನ್ನೊಂದು ಕಡೆ, ಅದನ್ನು ಮುಚ್ಚಿದರೆ ಮತ್ತೊಂದು ಕಡೆ ಸೋರುವ ಎಂಜಿನ್‌ಗಳುಂಟು. ಅಲ್ಲಿ ತಪ್ಪು ಸೀಲುಗಳದ್ದಲ್ಲದಿರಬಹುದು. ಸಿಲಿಂಡರಿನಲ್ಲಿ ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಚೇಂಬರಿನೊಳಕ್ಕೆ ನುಸುಳುತ್ತದೆ. ಅದು ಹೊರಹೋಗಲೆಂದು ಬ್ರೀದರ್ ಎಂಬ ಪೈಪು ಇರುತ್ತದೆ. ಕುಕ್ಕರಿನ ವಿಷಲ್ ಕೊಳವೆ ಕಟ್ಟಿಕೊಂಡಾಗ ಆವಿ ಗ್ಯಾಸ್ಕೆಟ್ಟಿನ ಸಂದಿಯಿಂದ ನುಗ್ಗುವಂತೆ, ಬ್ರೀದರ್ ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಸಿಕ್ಕ ಸಿಕ್ಕ ಸೀಲಿನಿಂದ ಹೊರದಬ್ಬುತ್ತದೆ.

ಇದನ್ನು ತಿಳಿಯಲು ಎಂಜಿನ್ ನಿಧಾನ ವೇಗದಲ್ಲಿ ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳವನ್ನು, ಮುಖ ದೂರವಿಟ್ಟುಕೊಂಡು, ಮೆಲ್ಲನೆ ತೆರೆಯಬೇಕು. ತೆಳುವಾದ ಆವಿ ಯಾವ ಡೀಸೆಲ್ ಎಂಜಿನ್ನಿನಲ್ಲೂ ಸಹಜ. ಬುಸುಬುಸನೆ ಹೊಗೆ ಬಂದು, ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟ ಮುಚ್ಚಳವನ್ನೇ ಎತ್ತಿ ಹಾಕಿದರೆ ಒತ್ತಡ ಮಿತಿಮೀರಿದೆ ಎಂದರ್ಥ. ಮೊದಲು ಬ್ರೀದರ್ ಪೈಪನ್ನು ಬಿಚ್ಚಿ ಶುಚಿ ಮಾಡಬೇಕು. ಅದಾದ ಮೇಲೂ ಒತ್ತಡ ಇಳಿಯದಿದ್ದರೆ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿರಬಹುದು. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಹಳೆಯ ಪಿಕಪ್ ಕೊಳ್ಳುವವರು ಬೇರೇನನ್ನು ಬಿಟ್ಟರೂ ಈ ಪರೀಕ್ಷೆಯನ್ನು ಬಿಡಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊರಗಿನ ಸೋರಿಕೆಯನ್ನು ಮಾರುವ ಮುನ್ನ ಒರೆಸಿ ಮರೆಮಾಡಬಹುದು, ಸವೆದ ರಿಂಗನ್ನು ಹಾಗೆ ಮರೆಮಾಡಲಾಗದು.

ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದು, ಡಿಪ್ ಸ್ಟಿಕ್ಕಿಗೆ ಡೀಸೆಲ್ ವಾಸನೆಯಿದ್ದರೆ, ಇಂಧನ ಒಳಗೆ ಬೆರೆತು ಆಯಿಲನ್ನು ತೆಳುಮಾಡುತ್ತಿದೆ. ತೆಳುವಾದ ಆಯಿಲ್ ಹೆಚ್ಚು ಸೋರುತ್ತದೆ, ಬೇರಿಂಗುಗಳನ್ನೂ ಕಾಯುವುದಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಬೆಳ್ಳಗಾಗಿದ್ದರೆ ಒಳಗೆ ಕೂಲೆಂಟ್ ಸೇರಿದೆ. ಈ ಎರಡರಲ್ಲಿ ಯಾವುದು ಕಂಡರೂ ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕನ್ನೇ ಗಾಡಿಯಿದ್ದಲ್ಲಿಗೆ ಕರೆಸಬೇಕು.

ರಿಪೇರಿಯ ಸಮಯದಲ್ಲಿ ಮತ್ತು ನಂತರ

ಪ್ಯಾಕಿಂಗಿನ ಜೊತೆ ಹಚ್ಚುವ ಸಿಲಿಕಾನ್ ಪೇಸ್ಟ್ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ಸರಿಯಲ್ಲ. ಹೆಚ್ಚಾದದ್ದು ಒಳಕ್ಕೂ ಹಿಸುಕಿಕೊಂಡು, ತುಣುಕಾಗಿ ಕಳಚಿ, ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಬಹುದು. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೋ ಹೊಲದ ಬದುವಿಗೋ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು ಅದು. ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ರಿಪೇರಿಯಾದ ಮೇಲೆ ಎಂಜಿನ್ನನ್ನು ಇನ್ನೊಮ್ಮೆ ತೊಳೆಸಿ. ಚಾಸಿಯ ಅಡ್ಡಪಟ್ಟಿಗಳಲ್ಲಿ, ಕವಚದ ಮೂಲೆಗಳಲ್ಲಿ ತಂಗಿದ್ದ ಹಳೆಯ ಆಯಿಲ್ ಎರಡು ಮೂರು ದಿನ ಹನಿಯುತ್ತಲೇ ಇರುವುದುಂಟು, ಅದನ್ನು ನೋಡಿ ಕೆಲಸ ಕೆಟ್ಟಿತೆಂದು ಮೆಕ್ಯಾನಿಕ್ಕಿನ ಮೇಲೆ ಹರಿಹಾಯುವುದು ಬೇಡ. ಆ ದಿನದ ಕಿಲೋಮೀಟರನ್ನೂ ಡಿಪ್ ಸ್ಟಿಕ್ಕಿನ ಮಟ್ಟವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ವಾರದ ಕೊನೆಗೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆದು, ಆ ರಾತ್ರಿ ಕೆಳಗೆ ಹೊಸ ರಟ್ಟನ್ನು ಹಾಸಿ ನೋಡಬೇಕು.